ಸೈಕಲ್ ಟೈರ್ ಹಾಕ್ಕೊಂಡು ಸ್ನೋದಲ್ಲಿ ಡ್ಯೂಟಿಗೆ ಹೋದೆ: ನನ್ನ ಅನುಭವ

ಎರಡು ಚಳಿಗಾಲ ಎಲ್ಲರ ಹತ್ರ ನಗಿಸ್ಕೊಂಡು, ಸಾಕಷ್ಟು ದುಡ್ಡು ಕಳ್ಕೊಂಡು, ಕೊನೆಗೂ ಒಂದು ದಿನ ನಾನು ಅಂದ್ಕೊಂಡ ಹಾಗೇ ಆಯ್ತು, ಸ್ನೋ ಬಿದ್ದ ಗುಡ್ಡ ದಾಟಿ ನನ್ನ ಹಳೇ ಸ್ಕೋಡಾ ಫ್ಯಾಬಿಯಾ ಕಾರಲ್ಲೇ ಡ್ಯೂಟಿಗೆ ಮುಟ್ಟಿದೆ. ಅದಕ್ಕೇ ಬರೀತಿದೀನಿ. "ನಿನ್ನ ಡಬ್ಬಾ ಫ್ಯಾಬಿಯಾ ಆ ಗುಡ್ಡ ಹತ್ತಲ್ಲ ಮಗಾ, ಸುಮ್ನೆ ಫೋನ್ ಮಾಡಿ ಬರಕ್ಕಾಗಲ್ಲ ಅಂತ ಹೇಳಿ ಮಲ್ಕೋ" ಅಂತಿದ್ದ ಸ್ಟೋಕ್‌ನಲ್ಲಿರೋ ನನ್ನ ಫ್ರೆಂಡೂ ಇದನ್ನ ಓದ್ಲಿ.

ಮನೆ ಇಂಗ್ಲೆಂಡಿನ ಸ್ಟಾಫರ್ಡ್‌ಶೈರ್‌ನ ಲೀಕ್‌ನಲ್ಲಿ, ಕೆಲಸ ಡರ್ಬಿಶೈರ್‌ನ ಬಕ್ಸ್‌ಟನ್‌ನಲ್ಲಿ ಆರೈಕೆ ಬೇಕಾದೋರನ್ನ ನೋಡ್ಕೊಳೋ ಒಂದು ಕೇರ್ ಹೋಮಲ್ಲಿ. ಮಧ್ಯೆ ಎ53 ರೋಡು, ಹನ್ನೆರಡು ಹದಿಮೂರು ಮೈಲಿ, ಒಳ್ಳೆ ದಿನ 25 ನಿಮಿಷ. ಮ್ಯಾಪಲ್ಲಿ ನೋಡಿದ್ರೆ ಇದೇನ್ ದೊಡ್ಡ ವಿಷಯ ಅನ್ಸತ್ತೆ. ಆದ್ರೆ ಲೀಕ್ ಇರೋದು ಸುಮಾರು 200 ಮೀಟರ್ ಎತ್ತರದಲ್ಲಿ, ದಾರೀಲಿ ಸಿಗೋ ಫ್ಲಾಷ್ ಅನ್ನೋ ಹಳ್ಳಿ 463 ಮೀಟರ್, ಬ್ರಿಟನ್ನಲ್ಲೇ ಎತ್ತರದ ಹಳ್ಳಿ ನಮ್ದು ಅಂತ ಅಲ್ಲಿಯೋರ ಹೆಮ್ಮೆ. ಕೆಳಗೆ ಮಳೆ ಹನೀತಿರತ್ತೆ, ಮೇಲೆ ಹೋಗೋ ಹೊತ್ತಿಗೆ ಬಿಳೀ ಬಯಲು. ರೋಡಿನ ಎರಡೂ ಕಡೆ ಗಾರೆ ಇಲ್ದೆ ಜೋಡ್ಸಿರೋ ಕಲ್ಲಿನ ಗೋಡೆ, ಗಾಳಿ ಬಯಲಲ್ಲಿರೋ ಸ್ನೋನೆಲ್ಲ ಗುಡಿಸ್ಕೊಂಡು ಬಂದು ಆ ಎರಡು ಗೋಡೆ ಮಧ್ಯೆ, ಅಂದ್ರೆ ನಾವು ಹೋಗೋ ಜಾಗಕ್ಕೇ ತುಂಬತ್ತೆ. ಬಿದ್ದಿರೋದು ಮೂರೇ ಇಂಚು ಅಂತ ಹೊರಟ್ರೆ ತಿರುವಲ್ಲಿ ಮೂರಡಿ ಸಿಗತ್ತೆ.

ನಮ್ಮದು 12 ಗಂಟೆ ಶಿಫ್ಟು. ಹೋಗ್ಲಿಲ್ಲ ಅಂದ್ರೆ ಆ ದಿನದ್ದು ಇಲ್ಲ, ಹೆಚ್ಚುಕಮ್ಮಿ 140 ಪೌಂಡ್. ಒಂದೇ ಚಳಿಗಾಲದಲ್ಲಿ ಮೂರು ಸಲ ಹಾಗಾಯ್ತು. ನಾಲ್ಕನೇ ಸಲ ಹಠ ಮಾಡ್ಕೊಂಡು ಹೋಗಿ ದಾರೀಲಿರೋ ಅಪ್ಪರ್ ಹ್ಯೂಮ್ ಅನ್ನೋ ಹಳ್ಳಿ ದಾಟಿದ ಮೇಲಿನ ಏರಲ್ಲಿ ಚಕ್ರ ತಿರುಗ್ತಾ ತಿರುಗ್ತಾ ಗಾಡಿ ಹಿಂದಕ್ಕೆ ಜಾರಿ, ಮೆಲ್ಲಗೆ ಹೋಗಿ ಹುಲ್ಲಿನ ಚರಂಡೀಲಿ ಕೂತ್ಕೊಳ್ತು. ಪುಣ್ಯಕ್ಕೆ ಒಬ್ಬ ರೈತ ಟ್ರಾಕ್ಟರಲ್ಲಿ ಬಂದು, "ಆರಾಮಿದೀಯಾ ಡಕ್?" ಅಂದ. ಈ ಕಡೆ ಗಂಡಸ್ರು ಗಂಡಸ್ರನ್ನೂ ಡಕ್ ಅಂತ್ಲೇ ಕರೆಯೋದು, ಮೊದಮೊದಲು ನನಗೂ ಏನಪ್ಪಾ ಬಾತುಕೋಳಿ ಅಂತಾನಲ್ಲ ಅನ್ಸಿತ್ತು. ಎಳೆದು ಕೊಟ್ಟ, 20 ಪೌಂಡ್ ಕೊಟ್ರೆ ತಗೊಳ್ಲಿಲ್ಲ. ಆದ್ರೆ ಮುಂದಿನ ಬಂಪರ್, ಒಂದು ಅಲಾಯ್, ಅಲೈನ್‌ಮೆಂಟು ಎಲ್ಲ ಸೇರಿ 260 ಹೋಯ್ತು. ಇನ್ಷೂರೆನ್ಸ್ ಕ್ಲೈಮ್ ಮಾಡಿದ್ರೆ ನೋ ಕ್ಲೈಮ್ ಬೋನಸ್ ಹೋಗತ್ತೆ ಅಂತ ಕೈಯಿಂದ್ಲೇ ಹಾಕಿದೆ. ಲೆಕ್ಕ ಹಾಕಿ ನೋಡಿ, ಒಂದು ಚಳಿಗಾಲಕ್ಕೆ 700 ಹತ್ರ ಹತ್ರ.

ನಾನು ಬೆಳೆದಿದ್ದು ಮೂಡಿಗೆರೆ ಕಡೆ. ಚಿಕ್ಕಪ್ಪನ ತೋಟದ ಜೀಪಲ್ಲಿ ಜೂನ್ ಜುಲೈ ಕೆಸರಲ್ಲಿ ಕೈ ಪಳಗಿದೋನು, ಜಾರೋದು ನನಗೇನು ಹೊಸದಾ ಅನ್ನೋ ಸೊಕ್ಕಿತ್ತು. ಆ ಸೊಕ್ಕಿಂದ್ಲೇ ಮೊದಲನೇ ಎಡವಟ್ಟು. ಖಾಲಿ ಜೀಪು ಜಾರತ್ತೆ ಅಂತ ಚಿಕ್ಕಪ್ಪ ಹಿಂದೆ ಗೊಬ್ಬರದ ಮೂಟೆ ಹಾಕ್ಸೋರು, ನಾನೂ ಇಲ್ಲಿ 25 ಕೆಜಿದು ಎರಡು ಮರಳಿನ ಚೀಲ ತಂದು ಡಿಕ್ಕೀಲಿ ಹಾಕ್ದೆ. ಜೀಪಲ್ಲಿ ಎಳೆಯೋದು ಹಿಂದಿನ ಚಕ್ರ, ಫ್ಯಾಬಿಯಾದಲ್ಲಿ ಮುಂದಿಂದು! ಹಿಂದೆ ಭಾರ ಹಾಕಿದ್ರೆ ಏರಲ್ಲಿ ಮೂತಿ ಇನ್ನೂ ಹಗುರ ಆಗತ್ತೆ. ಇಷ್ಟು ಸಣ್ಣ ವಿಷಯ ಹೊಳೆಯಕ್ಕೆ ಎರಡು ವಾರ ಬೇಕಾಯ್ತು, ಯಾರಿಗೂ ಹೇಳಿರ್ಲಿಲ್ಲ, ಈಗ ಬರೀತಿದೀನಿ.

ಎರಡನೇ ಎಡವಟ್ಟು ಸೆಕೆಂಡ್ ಹ್ಯಾಂಡ್ ಟೈರು. ವಿಂಟರ್ ಟೈರ್ ನಾಲ್ಕೂ ಸೇರಿ 110 ಪೌಂಡ್, ಬಟನ್ (ಟೈರಿನ ಮೇಲಿನ ಹಲ್ಲು) ನೋಡಿದ್ರೆ 5 ಎಂಎಂ ಇದೆ, ಸ್ನೋಗೆ ಆಗತ್ತೆ ಅನ್ನೋ ಹಿಮದ ಗುರುತೂ ಇದೆ ಅಂತ ಕುಣ್ಕೊಂಡು ತಂದೆ. ಮನೇಲಿ ಬಂದು ಪಕ್ಕದಲ್ಲಿರೋ ನಾಲ್ಕಂಕಿ ಓದಿದ್ರೆ 3614. ಅಂದ್ರೆ 2014ರ 36ನೇ ವಾರದ್ದು. ಉಗುರಲ್ಲಿ ಒತ್ತಿದ್ರೆ ಒಳಗೆ ಹೋಗಲ್ಲ, ರಬ್ಬರ್ ಒಣಗಿ ಹಲಗೆ ಆಗಿದೆ. ವಿಂಟರ್ ಟೈರಿನ ಜೀವ ಇರೋದೇ ಚಳೀಲೂ ಮೆತ್ತಗಿರೋ ರಬ್ಬರಲ್ಲಿ, ಅದೇ ಹೋದ್ಮೇಲೆ ಬಟನ್ ಎಷ್ಟಿದ್ರೇನು. ತಂದ ದುಡ್ಡಲ್ಲಿ ಅರ್ಧಕ್ಕೂ ಯಾರೂ ವಾಪಸ್ ತಗೊಳ್ಲಿಲ್ಲ.

ಮಧ್ಯೆ ಮಧ್ಯೆ ಸಣ್ಣ ಪ್ರಯೋಗಗಳು ಬೇಕಾದಷ್ಟು. ಬೆಕ್ಕಿನ ಕಕ್ಕಸಿಗೆ ಹಾಕೋ ಹರಳು ಚಕ್ರದ ಕೆಳಗೆ ಹಾಕಿ ಅಂತಾರಲ್ಲ, ಹಾಕಿದೆ, ನೀರು ಕುಡ್ಕೊಂಡು ಗಂಜಿ ಆಗಿ ಮೊದ್ಲಿಗಿಂತ ಜಾಸ್ತಿ ಜಾರ್ತು. ಕಾರಿನ ಕಾಲ್ಮ್ಯಾಟ್ ಇಟ್ಟೆ, ಚಕ್ರ ಅದನ್ನ ಹಿಂದಕ್ಕೆ ಎಸೀತು, ಹೋಗಿ ಪಕ್ಕದ್ಮನೆ ಅಜ್ಜಿ ಬಾಗಿಲಿಗೆ ಬಡೀತು. ಜೀಪಿಗೆ ಮಾಡೋ ತರ ಗಾಳಿ ಇಳಿಸಿ ನೋಡಿದೆ, ಸ್ಟೇರಿಂಗ್ ಗಂಜಿ ಕಲಸ್ದಂಗೆ ಆಯ್ತೇ ಹೊರತು ಹಿಡಿತ ಏನೂ ಬರ್ಲಿಲ್ಲ, ಮತ್ತೆ ತುಂಬ್ಸಿದೆ, ನೀವು ಮಾಡಕ್ಕೆ ಹೋಗ್ಬೇಡಿ. ಟೈರಿಗೆ ತೊಡಿಸೋ ಬಟ್ಟೆ ಸಾಕ್ಸ್ 35 ಪೌಂಡ್, ಅದು ನಿಜವಾಗ್ಲೂ ಹಿಡಿಯತ್ತೆ, ಆದ್ರೆ ಸ್ನೋ ಮುಗಿದು ಟಾರ್ ಕಂಡ ಕೂಡ್ಲೇ ಇಳಿದು ಬಿಚ್ಬೇಕು. ನಾನು ಸೋಮಾರಿತನ ಮಾಡಿ ಒಂದೂವರೆ ಮೈಲಿ ಹಾಗೇ ಓಡಿಸ್ದೆ, ಹರಿದು ಚಿಂದಿ. ಎಲ್ಲದಕ್ಕಿಂತ ಚೆನ್ನಾಗಿ ಕೆಲಸ ಮಾಡಿದ್ದು ಯಾವ್ದು ಗೊತ್ತಾ, ಗೋಣಿಚೀಲ. ಕಾಫಿ ಹುರಿಯೋ ಅಂಗಡೀಲಿ ಖಾಲಿ ಚೀಲ 3 ಪೌಂಡಿಗೆ ಕೊಡ್ತಾರೆ. ತೋಟದಲ್ಲಿ ನೋಡಿ ನೋಡಿ ಬೇಜಾರಾಗಿದ್ದ ವಸ್ತುನ ಇಲ್ಲಿ ದುಡ್ಡು ಕೊಟ್ಟು ತಂದೆ! ಎರಡು ಯಾವಾಗ್ಲೂ ಡಿಕ್ಕೀಲಿರತ್ತೆ, ಒಣಗಿಸಿ ಇಡ್ಬೇಕು ಅಷ್ಟೇ, ಒದ್ದೆ ಇಟ್ರೆ ಬೆಳಿಗ್ಗೆ ಹಪ್ಪಳ ಆಗಿರತ್ತೆ.

ಕೊನೆಗೆ ಮಾಡಿದ್ದು ಇಷ್ಟು. 14 ಇಂಚಿನ ಸ್ಟೀಲ್ ರಿಮ್ಮು ಹಳೇದು ನಾಲ್ಕಕ್ಕೆ 60, ಅದಕ್ಕೆ ಹೊಸಾ ವಿಂಟರ್ ಟೈರು, 165 ಅಗಲದ್ದು, ಒಂದೊಂದು 55ರ ಆಸುಪಾಸು, ಫಿಟ್ಟಿಂಗು ಬ್ಯಾಲೆನ್ಸು 40. ಆಮೇಲೆ ಬೋಲ್ಟ್ ಕಥೆ ಗೊತ್ತಾಯ್ತು, ನನ್ನ ಗಾಡೀಲಿದ್ದ ಅಲಾಯ್ ಹೊರಗಿಂದ ಹಾಕ್ಸಿದ್ದು, ಅದರ ಬೋಲ್ಟ್ ಸ್ಟೀಲ್ ರಿಮ್ಮಿಗೆ ಸರಿಯಾಗಿ ಕೂರಲ್ಲ, 20 ಬೋಲ್ಟ್‌ಗೆ ಬೇರೆ 18 ಪೌಂಡ್. ಒಟ್ಟು 340 ಅಂತಿಟ್ಕೊಳಿ. ಅಗಲ ಕಮ್ಮಿ ಯಾಕೆ ಅಂತ ಕೇಳ್ಬೇಡಿ, ಕೆಸರಲ್ಲಿ ಓಡ್ಸಿದೋರಿಗೆ ಗೊತ್ತು, ಸಪೂರ ಟೈರು ಕುಯ್ಕೊಂಡು ಕೆಳಗೆ ಹೋಗತ್ತೆ, ಅಗಲದ್ದು ಮೇಲೆ ತೇಲತ್ತೆ. ನಿಮ್ಮ ಗಾಡಿ ಪುಸ್ತಕದಲ್ಲಿ ಬರ್ದಿರೋ ಸೈಜಲ್ಲೇ ಸಪೂರದ್ದು ತಗೊಳಿ, ಇನ್ಷೂರೆನ್ಸ್‌ನೋರಿಗೆ ಒಂದು ಫೋನ್ ಮಾಡಿ, ನನಗೇನೂ ಜಾಸ್ತಿ ಹಾಕ್ಲಿಲ್ಲ.

ಅಕ್ಟೋಬರ್ ಕೊನೇಲೇ ಹಾಕ್ಬಿಟ್ಟೆ. ಆ ದಿನ ಬಿಸಿಲು, 12 ಡಿಗ್ರಿ. ಕೆಲಸದ ಕಾರ್ ಪಾರ್ಕಲ್ಲಿ ನೋಡಿ ಒಬ್ಬ ಸಹೋದ್ಯೋಗಿ, 19 ಇಂಚಿನ ಚಕ್ರದ ದೊಡ್ಡ ಎಸ್‌ಯುವಿ ಇಟ್ಟಿರೋನು, ಇದೇನು ಸೈಕಲ್ ಟೈರಾ ಅಂತ ಎಲ್ಲರನ್ನೂ ಕರೆದು ತೋರ್ಸಿದ. ನಾನೂ ನಕ್ಕೆ, ಇನ್ನೇನ್ ಮಾಡೋದು.

2024ರ ನವೆಂಬರ್ 19, ಮಂಗಳವಾರ. ಮರದಲ್ಲಿ ಇನ್ನೂ ಎಲೆ ಇತ್ತು, ಯಾರ ತಲೇಲೂ ಸ್ನೋ ಇರ್ಲಿಲ್ಲ. ಹವಾಮಾನದೋರ ಎಚ್ಚರಿಕೇಲಿ ಎಲ್ಲಕ್ಕಿಂತ ಕೆಳಗಿನದು, ಯೆಲ್ಲೋ ವಾರ್ನಿಂಗ್ ಇತ್ತು ನಿಜ, ಆದ್ರೆ ಯೆಲ್ಲೋಗೆಲ್ಲ ಈ ದೇಶದಲ್ಲಿ ಯಾರು ಹೆದರ್ತಾರೆ. ನನಗೆ ಪೌಣೆ ಐದಕ್ಕೆ ಎಚ್ಚರ ಆಯ್ತು, ಹೊರಗೆ ಸದ್ದೇ ಇಲ್ಲ, ಆ ಮೌನ ಕೇಳಿದ್ರೇನೇ ಗೊತ್ತಾಗತ್ತೆ. ಪರದೆ ಸರಿಸಿದ್ರೆ ಎಲ್ಲ ಬೆಳ್ಳಗೆ. ಗಾಡಿ ಮಾತ್ರ ನಮ್ಮ ಬೀದೀಲಿ ಇರ್ಲಿಲ್ಲ. ನಮ್ಮ ಬೀದಿಗೆ ಹಿಮ ಕರಗಕ್ಕೆ ಉಪ್ಪು ಹಾಕಲ್ಲ, ಮೇಲಾಗಿ ಇಳಿಜಾರು, ಅದಕ್ಕೆ ಯೆಲ್ಲೋ ಅಂದ ದಿನ ರಾತ್ರೀನೇ ಗ್ರಿಟ್ಟರ್ (ಉಪ್ಪು ಚೆಲ್ಲೋ ಲಾರಿ) ಓಡಾಡೋ ರೋಡ್ ಪಕ್ಕ, ಹೋಗೋ ದಿಕ್ಕಿಗೇ ಮುಖ ಮಾಡಿ ನಿಲ್ಸಿ ನಡ್ಕೊಂಡು ಬರ್ತೀನಿ. ಎಲ್ಲಿ ಅಂತ ಹೇಳಲ್ಲ, ಅಲ್ಲಿ ಒಂದೇ ಗಾಡಿಗೆ ಜಾಗ.

ಟಾಪಿನ ಮೇಲಿನ ಹಿಮನೂ ಪೂರ್ತಿ ಗುಡ್ಸಿ, ಲೈಟು ನಂಬರ್ ಪ್ಲೇಟು ಒರ್ಸಿ, 5:40ಕ್ಕೆ ಹೊರಟೆ. ಟಾಪ್ ಯಾಕೆ ಅಂದ್ರೆ ಇಳಿಜಾರಲ್ಲಿ ಬ್ರೇಕ್ ಮುಟ್ಟಿದ್ರೆ ಇಡೀ ಹಲಗೆ ಜಾರಿ ವಿಂಡ್‌ಸ್ಕ್ರೀನ್ ಮೇಲೆ ಬರತ್ತೆ, ಪೋಲಿಸ್ ಹಿಡಿದ್ರೆ ಬೇರೆ ತಲೆನೋವು. ಉಪ್ಪು ಹಾಕಿದ್ರು, ಆದ್ರೆ ಆ ಕಂದು ಉಪ್ಪು ಬರೀ ಬಿದ್ದಿದ್ರೆ ಕೆಲಸ ಮಾಡಲ್ಲ, ಮೇಲೆ ಗಾಡಿಗಳು ಓಡಾಡಿ ಅರೀಬೇಕು, ಆ ಹೊತ್ತಲ್ಲಿ ಯಾರಿದಾರೆ ಓಡಾಡಕ್ಕೆ.

ಬ್ಲ್ಯಾಕ್‌ಶಾ ಮೂರ್ ಅನ್ನೋ ಊರಿನ ತನಕ ಸೆಕೆಂಡು ಥರ್ಡಲ್ಲಿ ಆರಾಮಾಗಿ ಬಂದೆ. ಅಪ್ಪರ್ ಹ್ಯೂಮ್ ಹತ್ರ ನೋಡಿದ್ರೆ ಏರಿನ ಮಧ್ಯೆ ಒಂದು ಡೆಲಿವರಿ ವ್ಯಾನು ಅಡ್ಡಡ್ಡ, ಅದರ ಹಿಂದೆ ಅಂಟ್ಕೊಂಡು ಹೋಗಿದ್ದ ಇಬ್ಬರು ನಿಂತ್ಬಿಟ್ಟಿದಾರೆ, ಚಕ್ರ ಗಿರಗಿರ. ಹಿಂದಿನ ವರ್ಷ ನಾನು ಮಾಡಿದ್ದೂ ಅದನ್ನೇ. ಚಿಕ್ಕಪ್ಪ ಹೇಳ್ತಿದ್ರು, "ಏರಲ್ಲಿ ನಿಲ್ಲಿಸ್ಬೇಡ್ವೋ, ನಿಲ್ಸೋದಾದ್ರೆ ಏರೋಕ್ ಮುಂಚೆನೇ ನಿಲ್ಸು." ಕೆಳಗೆ ಸಪಾಟಾಗಿರೋ ಜಾಗದಲ್ಲಿ ನಿಲ್ಸಿ ಹಜಾರ್ಡ್ ಹಾಕ್ಕೊಂಡು ಫ್ಲಾಸ್ಕ್ ತೆಗೆದು ಕಾಫಿ ಕುಡ್ದೆ. ಹಿಂದಿಂದ ಒಬ್ಬ ಹಾರ್ನ್ ಹೊಡ್ದ, ಹೋಗಪ್ಪಾ ಅಂತ ಕೈ ತೋರ್ಸಿದೆ, ಹೋದ, ಅವನೂ ಆ ಸಾಲಿಗೇ ಸೇರ್ಕೊಂಡ. ಆಮೇಲೆ ಇಳ್ದು ಹೋಗಿ ನನ್ನ ಗೋಣಿಚೀಲ, ಸಲಿಕೆ ಕೊಟ್ಟು ಒಬ್ಬೊಬ್ಬರನ್ನೇ ಹಿಂದಕ್ಕೆ ಇಳಿಸ್ಕೊಂಡ್ವಿ, ವ್ಯಾನ್ ಡ್ರೈವರ್ ಪಾಪ ಪೋಲಂಡ್ ಹುಡುಗ, ಸ್ನೋ ಗೊತ್ತು, ಟೈರ್ ಕಂಪ್ನಿದು ಏನ್ಮಾಡ್ಲಿ ಅಂದ. 25 ನಿಮಿಷ ಅಲ್ಲೇ ಹೋಯ್ತು.

ರೋಡ್ ಖಾಲಿ ಆದ್ಮೇಲೆ ಸೆಕೆಂಡಲ್ಲೇ ಎತ್ತಿದೆ, ಆಕ್ಸಿಲರೇಟರ್ ಮೇಲೆ ಕಾಲು ಒಂದೇ ಸಮ, 15 ಮೈಲಿ ಸ್ಪೀಡು. ಚಕ್ರ ಸುಮ್ನೆ ಗಿರಗಿರ ತಿರುಗದಂಗೆ ತಡೆಯೋ ಟ್ರಾಕ್ಷನ್ ಕಂಟ್ರೋಲ್ ಬಟನ್‌ನ ನಾನು ಎಲ್ಲಿ ಆಫ್ ಮಾಡ್ತೀನಿ ಎಲ್ಲಿ ಆನ್ ಮಾಡ್ತೀನಿ ಅನ್ನೋದು ನನ್ನ ಹತ್ರನೇ ಇರ್ಲಿ, ಗಾಡಿಯಿಂದ ಗಾಡಿಗೆ ಬೇರೆ, ನಿಮ್ಮದ್ರಲ್ಲಿ ಖಾಲಿ ಮೈದಾನದಲ್ಲಿ ನೀವೇ ಕಲೀರಿ. ರ್‍ಯಾಮ್‌ಶಾ ರಾಕ್ಸ್ ಅನ್ನೋ ಬಂಡೆಗಳ ಪಕ್ಕ ಹತ್ತುವಾಗ ಒಂದು ಸಲ ಮೂತಿ ಆ ಕಡೆ ಈ ಕಡೆ ಆಡ್ತು, ಜೀವ ಬಾಯಿಗೆ ಬಂತು, ಕಾಲು ತೆಗೀಲಿಲ್ಲ, ತಾನೇ ಸರಿ ಹೋಯ್ತು. ಫ್ಲಾಷ್ ಬಾರ್ ಅನ್ನೋ ಜಾಗದ ಹತ್ರ ಏನೂ ಕಾಣಲ್ಲ. ಹೈ ಬೀಮ್ ಹಾಕಿದ್ರೆ ಹಿಮವೆಲ್ಲ ಕಣ್ಣಿಗೇ ಬರತ್ತೆ, ಡಿಮ್ ಮಾಡಿ, ಹಿಂದಿನ ಫಾಗ್ ಲೈಟ್ ಹಾಕಿ, ಎಡಗಡೆ ಗೋಡೆ ನೋಡ್ಕೊಂಡು ನಡೆಯೋ ಸ್ಪೀಡಲ್ಲಿ ಹೋದೆ. ಅಲ್ಲಿ ರೋಡ್ ಕ್ಲೋಸ್ಡ್ ಬೋರ್ಡ್ ಇಟ್ಟಿದ್ರೆ ವಾಪಸ್ ಬರ್ತಿದ್ದೆ, ಅದ್ರಲ್ಲಿ ಹೀರೋ ಆಗಕ್ಕೆ ಹೋಗಲ್ಲ ನಾನು.

ಆಕ್ಸ್ ಎಡ್ಜ್ ಅನ್ನೋ ಗುಡ್ಡದಿಂದ ಬಕ್ಸ್‌ಟನ್‌ಗೆ ಇಳಿಯೋದೇ ನಿಜವಾದ ಕಷ್ಟ. ಹತ್ತೋದು ಟೈರ್ ಕೆಲಸ, ಇಳಿಯೋದು ತಲೆ ಕೆಲಸ. ಇಳಿಯೋಕ್ ಮುಂಚೆನೇ ಸೆಕೆಂಡಿಗೆ ಹಾಕಿ ಇಂಜಿನ್ನಲ್ಲೇ ಹಿಡ್ಕೊಂಡು ಬಂದೆ, ಬ್ರೇಕ್ ಮುಟ್ಟಿದ್ದು ಎರಡೋ ಮೂರೋ ಸಲ. ಅರ್ಧ ದಾರೀಲಿ ಒಂದು ಟ್ರಾಕ್ಟರ್ ಮುಂದೆ ಹಲಗೆ ಕಟ್ಕೊಂಡು ಹಿಮ ತಳ್ತಾ ಎದುರು ಬಂತು, ಗೇಟ್ ಬಾಯಿಗೆ ಸರಿದು ದಾರಿ ಬಿಟ್ಟೆ, ಅಲ್ಲಿಂದ ಮುಂದೆ ಅವನು ಬಳಿದ ರೋಡು, ರಾಜಮಾರ್ಗ.

7:10ಕ್ಕೆ ಕಾರ್ ಪಾರ್ಕು, ಶಿಫ್ಟ್ 7:30ಕ್ಕೆ. ರಾತ್ರಿ ಡ್ಯೂಟಿ ಮಾಡಿದ್ದ ಕೇರಳದ ಚೇಚಿ ನನ್ನ ನೋಡಿ ಅಳೋದೊಂದು ಬಾಕಿ. ಬಕ್ಸ್‌ಟನ್ ಒಳಗೇ ಇರೋರು ಮೂರು ಜನ ನಡ್ಕೊಂಡು ಬಂದಿದ್ರು, ಹೊರಗಿಂದ ಗಾಡೀಲಿ ಬಂದಿದ್ದು ನಾನೊಬ್ಬನೇ. ಮ್ಯಾನೇಜರ್ ಫೋನಲ್ಲೇ ಥ್ಯಾಂಕ್ಸ್ ಹೇಳಿದ್ರು, ಅವರ ಮನೆ ನಾಲ್ಕು ಮೈಲಿ.

ಆ ವಾರವೇ ಸ್ಟೋಕ್ ಫ್ರೆಂಡ್‌ನ ಕರ್ಕೊಂಡು ಒಂದು ಖಾಲಿ ಕಾರ್ ಪಾರ್ಕಲ್ಲಿ ಅವನ ಗಾಡಿ ನನ್ನ ಗಾಡಿ ಎರಡನ್ನೂ 15 ಮೈಲಿ ಸ್ಪೀಡಲ್ಲಿ ಬ್ರೇಕ್ ಹೊಡ್ದು ಹೆಜ್ಜೆ ಅಳೆದ್ವಿ. ಅವನ ಬೇಸಿಗೆ ಟೈರು 20 ಹೆಜ್ಜೆ ಮೇಲೆ, ನಂದು 11 ಇಲ್ಲ 12. ಎರಡ್ ಸಲ ಮಾಡ್ಸಿದ, ನಂಬ್ಲಿಲ್ಲ. "ಆಯ್ತು ಬಿಡು ಮಗಾ" ಅಂದ, ಅವನ ಬಾಯಲ್ಲಿ ಅಷ್ಟು ಬಂದ್ರೆ ಪದ್ಮಶ್ರೀ ಸಿಕ್ಕಂಗೆ.

ಎಸ್‌ಯುವಿ ಸಹೋದ್ಯೋಗಿ ಗುರುವಾರ ಬಂದ, ಎರಡು ಶಿಫ್ಟ್ ಹೋಗಿತ್ತು. ಟೀ ಬ್ರೇಕಲ್ಲಿ ಪಕ್ಕಕ್ಕೆ ಬಂದು ಕೂತು ಮೆಲ್ಲಗೆ, ಆ ಟೈರ್ ಎಲ್ಲಿ ತಗೊಂಡೆ ಅಂದ. ಹೇಳ್ದೆ. ಫೋನಲ್ಲಿ ಅವನ ಸೈಜ್ ಹಾಕಿ ನೋಡ್ದ, ಒಂದಕ್ಕೆ 210 ತೋರಿಸ್ತು. ಫೋನ್ ಜೇಬಿಗಿಟ್ಕೊಂಡು, ನಿನ್ನ ಹಳೇ ಫ್ಯಾಬಿಯಾ ಮಾರೋ ಯೋಚನೆ ಏನಾದ್ರೂ ಇದ್ಯಾ ಅಂತ ಕೇಳ್ದ.