ಫ್ಲೈ ಗಾಳದ ಸಾಮಾನು: ದುಡ್ಡು ಲೈನಿಗೆ ಮೊದಲು, ರಾಡಿಗೆ ಆಮೇಲೆ

ಮಾಮೂಲಿ ಗಾಳದಲ್ಲಿ ಸೀಸದ ಗುಂಡು ಮುಂದೆ ಹಾರಿ ದಾರವನ್ನು ಎಳೆದೊಯ್ಯುತ್ತದೆ. ಫ್ಲೈ ಎಂದರೆ ಹುಳದಂತೆ ಕಾಣುವ ನಕಲಿ ಎರೆ. ಅದಕ್ಕೆ ಹೇಳಿಕೊಳ್ಳುವ ತೂಕವೇ ಇಲ್ಲ, ಕೊಕ್ಕೆಗೆ ಸುತ್ತಿದ ನಾಲ್ಕು ಎಳೆ ಪುಕ್ಕ, ನೂಲು ಅಷ್ಟೆ. ಅದನ್ನು ಹೊತ್ತೊಯ್ಯುವುದು ಲೈನಿನ, ಅಂದರೆ ದಪ್ಪ ದಾರದ, ತೂಕ. ಹಾಗಾಗಿ ಇದ್ದ ದುಡ್ಡನ್ನೆಲ್ಲ ರಾಡಿಗೆ, ಅಂದರೆ ಗಾಳದ ಕೋಲಿಗೆ, ಸುರಿದು, ಜೊತೆಗೆ ಪುಕ್ಕಟೆ ಬಂದ ಲೈನು ಹಾಕಿಕೊಂಡವರ ಗಾಳ ಹತ್ತು ಅಡಿ ದಾಟುವುದಿಲ್ಲ.

ಕಲಬುರಗಿ, ಬೀದರ್, ಯಾದಗಿರಿ ಕಡೆಯವರು ದೊಡ್ಡ ಸ್ಪೋರ್ಟ್ಸ್ ಅಂಗಡಿ ಎಂದರೆ ಹೈದರಾಬಾದಿನ ದಾರಿ ಹಿಡಿಯುತ್ತಾರೆ. ಬಸ್ ಹತ್ತುವ ಮೊದಲು ಫೋನ್ ಮಾಡಿ, ಫ್ಲೈ ರಾಡ್ ಸ್ಟಾಕಿನಲ್ಲಿದೆಯೇ ಎಂದು ಕೇಳಿ. ಇಂಥ ಅಂಗಡಿಗಳ ಮೀನಿನ ಕಪಾಟಿನಲ್ಲಿ ಬಹುಪಾಲು ಇರುವುದು ಸ್ಪಿನ್ನಿಂಗ್ ಸಾಮಾನು, ಅಂದರೆ ತೂಕ ಕಟ್ಟಿ ಎಸೆಯುವ ಮಾಮೂಲಿ ಗಾಳದ್ದು. ಕೌಂಟರಿನ ಹುಡುಗನಿಗೂ ವ್ಯತ್ಯಾಸ ಗೊತ್ತಿರಬೇಕೆಂದಿಲ್ಲ, ನೀವೇ ಗುರುತು ಹಿಡಿಯಿರಿ. ಫ್ಲೈ ರಾಡಿನಲ್ಲಿ ರೀಲ್ ಕೂರುವ ಜಾಗ ಹಿಡಿಕೆಗಿಂತ ಕೆಳಗೆ, ರಾಡಿನ ತುದಿಯಲ್ಲೇ ಇರುತ್ತದೆ. ರೀಲು ಸಾದಾ ಗಾಲಿಯ ಹಾಗಿರುತ್ತದೆ, ಸ್ಪಿನ್ನಿಂಗ್ ರೀಲಿನಂತೆ ಮಡಚುವ ತಂತಿ ಇರುವುದಿಲ್ಲ.

ಹಿಡಿಕೆಯ ಮೇಲ್ಗಡೆ ರಾಡಿನ ಮೇಲೆ ಉದ್ದ ಮತ್ತು ನಂಬರ್ ಬರೆದಿರುತ್ತದೆ. ಆ ನಂಬರು ಲೈನಿನ ಮೊದಲ 30 ಅಡಿಯ ತೂಕಕ್ಕೆ ಸಂಬಂಧಿಸಿದ್ದು: 5ಕ್ಕೆ 140 ಗ್ರೇನ್, ಅಂದರೆ ಸುಮಾರು 9 ಗ್ರಾಂ; 6ಕ್ಕೆ 160 ಗ್ರೇನ್; 8ಕ್ಕೆ 210 ಗ್ರೇನ್. ರಾಡ್ 6 ಆದರೆ ಲೈನೂ 6 ಇರಲಿ. ಲೈನು ಹಗುರವಾದರೆ ರಾಡ್ ಬಾಗುವುದೇ ಇಲ್ಲ, ದಾರ ಮುಂದೆ ಹೋಗದೆ ಕಾಲಬುಡದಲ್ಲಿ ಗುಡ್ಡೆಯಾಗುತ್ತದೆ. ನಮ್ಮ ಕಡೆಗೆ 9 ಅಡಿಯ, ನಾಲ್ಕು ತುಂಡಿನ, 6 ನಂಬರಿನ ರಾಡೇ ಸರಿ. ಕಾರಂಜಾ, ಬೆಣ್ಣೆತೊರಾ ಜಲಾಶಯಗಳ ಬಟಾಬಯಲು ದಂಡೆಯಲ್ಲಿ ಗಾಳಿ ಎದ್ದರೆ 4 ನಂಬರಿನ ಲೈನು ನೀರು ಮುಟ್ಟುವುದಿಲ್ಲ. ಜಿಲೇಬಿ, ಗೆಂಡೆ ಮೀನಿಗೆ 6 ಸಾಕು. ಕೊರಮೀನಿನ ಆಸೆಯಿದ್ದರೆ 8 ಬೇಕು, ಅದು ಕಚ್ಚಿದ ತಕ್ಷಣ ಜೊಂಡಿನೊಳಗೆ ನುಗ್ಗುತ್ತದೆ.

ಈಗ ಲೈನು. ಡಬ್ಬಿಯ ಮೇಲೆ ಡಬ್ಲ್ಯುಎಫ್-6-ಎಫ್ ಎಂದಿರಬೇಕು: ತೂಕ ಮುಂಭಾಗದಲ್ಲಿದೆ, 6 ನಂಬರು, ತೇಲುತ್ತದೆ ಎಂದರ್ಥ. ಕೊನೆಯ ಅಕ್ಷರ ಎಸ್ ಇದ್ದರೆ ಅದು ಮುಳುಗುವ ಲೈನು, ಹೊಸಬರಿಗೆ ಬೇಡ. ಆಮೇಲೆ ‘ಟ್ರಾಪಿಕಲ್’ ಅಥವಾ ‘ವಾರ್ಮ್ ವಾಟರ್’ ಎಂಬ ಮಾತು ಹುಡುಕಿ. ಸಾಮಾನ್ಯವಾಗಿ ಸಿಗುವ ಲೈನುಗಳು ತಂಪು ದೇಶದ ಟ್ರೌಟ್ ಮೀನಿಗೆಂದು ಮಾಡಿದವು, ಅವುಗಳ ಮೇಲಿನ ಪ್ಲಾಸ್ಟಿಕ್ ಲೇಪ ಮೆತ್ತಗೆ. ಕಲಬುರಗಿಯ ಏಪ್ರಿಲ್ ಬಿಸಿಲು 40 ಡಿಗ್ರಿ ದಾಟಿದಾಗ ಅದು ಅಂಟಂಟಾಗಿ ರಾಡಿನ ಉಂಗುರಗಳಿಗೆ ಹಿಡಿದುಕೊಳ್ಳುತ್ತದೆ, ಕೈ ತಪ್ಪಿತೆಂದು ನೀವು ಅಂದುಕೊಳ್ಳುತ್ತೀರಿ. ಟ್ರಾಪಿಕಲ್ ಲೈನು ಬೀದರಿನ ಡಿಸೆಂಬರ್ ಮುಂಜಾನೆ ಸುರುಳಿ ಸುರುಳಿಯಾಗಿ ಬರಬಹುದು. ಎರಡು ಕೈಯಲ್ಲಿ ಹಿಡಿದು ತೋಳಿನುದ್ದ ಜಗ್ಗಿದರೆ ನೆಟ್ಟಗಾಗುತ್ತದೆ. ರಾಡ್, ರೀಲ್, ಲೈನ್ ಸೇರಿದ ಕಿಟ್ ಕೊಂಡರೂ ತಪ್ಪಿಲ್ಲ, ಆದರೆ ಅದರ ಲೈನನ್ನು ಕಲಿಯಲು ಬಳಸಿ, ಒಳ್ಳೆಯದನ್ನು ಬೇರೆ ತನ್ನಿ. ಬಿಸಿಲಲ್ಲಿ ನಿಂತ ಕಾರಿನಲ್ಲಿ ಲೈನು ಬಿಡಬೇಡಿ. ಸೊಳ್ಳೆ ಮುಲಾಮು ಹಚ್ಚಿದ ಕೈಯಿಂದ ಮುಟ್ಟಲೂಬೇಡಿ, ಅದರೊಳಗಿನ ಡೀಟ್ ಎಂಬ ರಾಸಾಯನಿಕ ಲೇಪವನ್ನು ತಿಂದುಹಾಕುತ್ತದೆ.

ರಾಡನ್ನು ಅಂಗಡಿಯಲ್ಲೇ ಜೋಡಿಸಿ ನೋಡಿ. ಮೇಲೆ ಫ್ಯಾನ್ ಇಲ್ಲದ ಜಾಗ ಆರಿಸಿಕೊಳ್ಳಿ. ರಾಡುಗಳು ಮೀನಿಗಿಂತ ಹೆಚ್ಚಾಗಿ ಫ್ಯಾನಿಗೆ, ಕಾರಿನ ಬಾಗಿಲಿಗೆ ಮುರಿಯುತ್ತವೆ. ನಾಲ್ಕೂ ತುಂಡು ಕೂಡಿಸಿ, ಬುಡದಿಂದ ಒಂದು ಕಣ್ಣು ಮುಚ್ಚಿ ನೋಡಿದರೆ ಉಂಗುರಗಳೆಲ್ಲ ಒಂದೇ ಸಾಲಿನಲ್ಲಿರಬೇಕು. ಕಿವಿಗೆ ಹಾಕುವ ಹತ್ತಿ ಕಡ್ಡಿಯನ್ನು ಪ್ರತಿ ಉಂಗುರದ ಒಳಗೆ ತಿರುಗಿಸಿ. ಹತ್ತಿಯ ಎಳೆ ಸಿಕ್ಕಿಕೊಂಡರೆ ಅಲ್ಲಿ ಸಣ್ಣ ಬಿರುಕಿದೆ, ಲೈನನ್ನು ಅದೇ ಕೊಯ್ಯುತ್ತದೆ. ಕೂಡಿಸಿದ ಜಾಗದಲ್ಲಿ ಟಕ್ ಟಕ್ ಸದ್ದು ಬಂದರೆ ಬೇರೆಯದು ಕೇಳಿ.

ರೀಲಿಗೆ ಬಹಳ ತಲೆಕೆಡಿಸಿಕೊಳ್ಳುವುದು ಬೇಡ. ಗಾಲಿ ಅಲ್ಲಾಡಬಾರದು, ಬ್ರೇಕಿನ ಗುಂಡಿ ಬಿಗಿ ಮಾಡಿದಷ್ಟೂ ಎಳೆತ ಸಮನಾಗಿ ಏರಬೇಕು, ಎಡಗೈ ಬಲಗೈ ಎರಡಕ್ಕೂ ಬದಲಿಸಲು ಬರಬೇಕು. ಲೈನಿನ ಕೆಳಗೆ ಸುತ್ತಲು 20 ಪೌಂಡ್ ಎಳೆತ ತಾಳುವ ಡೇಕ್ರಾನ್ ದಾರ (ಬ್ಯಾಕಿಂಗ್) 50 ಮೀಟರ್ ತನ್ನಿ. ಇದಿಲ್ಲದಿದ್ದರೆ ಲೈನು ರೀಲಿನ ತಳದಲ್ಲಿ ಸಣ್ಣ ಸುತ್ತಾಗಿ ಕೂತು ಸ್ಪ್ರಿಂಗಿನಂತೆ ಹೊರಬರುತ್ತದೆ. ಎಲ್ಲ ಸುತ್ತಿದ ಮೇಲೆ ಅಂಚಿಗೆ ಅರ್ಧ ಸೆಂಟಿಮೀಟರ್ ಖಾಲಿ ಇರಲಿ.

ಲೈನಿನ ತುದಿಗೆ 9 ಅಡಿಯ ಲೀಡರ್, ಅಂದರೆ ಮುಂದೆ ಹೋದಂತೆ ಸಣ್ಣಗಾಗುವ ದಾರ; ಅದರ ತುದಿಗೆ ಫ್ಲೈ ಕಟ್ಟುವ ತೆಳು ದಾರ, ಅದೇ ಟಿಪ್ಪೆಟ್. ಟಿಪ್ಪೆಟ್ಟಿನ ಎಕ್ಸ್ ನಂಬರ್ ಹೆಚ್ಚಾದಷ್ಟೂ ದಾರ ಸಣ್ಣ. ಆ ನಂಬರನ್ನು 11ರಿಂದ ಕಳೆದರೆ ದಪ್ಪ ಸಿಗುತ್ತದೆ, ಇಂಚಿನ ಸಾವಿರದ ಭಾಗಗಳಲ್ಲಿ. 3ಎಕ್ಸ್ ಎಂದರೆ 8, ಅಂದರೆ 0.20 ಮಿ.ಮೀ. ಜಿಲೇಬಿಗೆ ಇದು ಸಾಕು. ಕೊರಮೀನಿನ ಹಲ್ಲಿಗೆ 0.28 ಮಿ.ಮೀ.ನ 0ಎಕ್ಸ್ ಬೇಕು. ತೇಲುವ ಫ್ಲೈಗೆ ನೈಲಾನ್ ತಗೊಳ್ಳಿ. ದುಬಾರಿ ಫ್ಲೋರೋಕಾರ್ಬನ್ ಮುಳುಗುತ್ತದೆ, ಫ್ಲೈಯನ್ನೂ ಮುಳುಗಿಸುತ್ತದೆ.

ಫ್ಲೈಗಳ ಮಿಶ್ರ ಡಬ್ಬಿ ನೋಡಲು ಚಂದ. ಆದರೆ ಅದರಲ್ಲಿ ಅರ್ಧಕ್ಕರ್ಧ 16, 18 ನಂಬರಿನ (ಕೊಕ್ಕೆಯ ನಂಬರ್ ಹೆಚ್ಚಾದಷ್ಟೂ ಗಾತ್ರ ಸಣ್ಣ) ಪುಟಾಣಿ ಟ್ರೌಟ್ ಫ್ಲೈಗಳು, ಭೀಮೆಯಲ್ಲಿ ಟ್ರೌಟ್ ಎಲ್ಲಿಂದ ಬರಬೇಕು? 8ರಿಂದ 12 ನಂಬರಿನ ಕಪ್ಪು ವೂಲಿ ಬಗ್ಗರ್ (ಪುಕ್ಕದ ಬಾಲದ ಫ್ಲೈ), ಭಾರದ ಮಣಿಯಿರುವ ನಿಂಫ್ (ನೀರೊಳಗಿನ ಮರಿಹುಳದಂಥದ್ದು), ಫೋಮಿನ ಮಿಡತೆ ತಲಾ ಮೂರು ಸಾಕು. ಹಿಟ್ಟಿನುಂಡೆಗೆ ಬರುವ ರೋಹು, ಮೃಗಾಲ್ ಬೇಕಿದ್ದವರು ಈ ಖರ್ಚಿಗೇ ಕೈ ಹಾಕಬೇಡಿ.

ನೀರಿಗಿಳಿಯಲು ಹಾಕುವ ಎದೆಮಟ್ಟದ ರಬ್ಬರಿನಂಥ ಉಡುಪು, ವೇಡರ್, ತೋರಿಸುತ್ತಾರೆ, ಬೇಡ ಎನ್ನಿ. ನಮ್ಮ ಬಿಸಿಲಲ್ಲಿ ಅದರೊಳಗೆ ಬೆಂದುಹೋಗುತ್ತೀರಿ, ಮೇಲಾಗಿ ಕೃಷ್ಣೆಯಲ್ಲಿ ಮೊಸಳೆಗಳಿವೆ, ನೀರಿಗಿಳಿಯುವ ಮಾತೇ ಇಲ್ಲ. ಕೊಕ್ಕೆ ಬಿಡಿಸುವ ಫೋರ್ಸೆಪ್ಸನ್ನು ಊರಿನ ಸರ್ಜಿಕಲ್ ಅಂಗಡಿಯಲ್ಲಿ ಕೊಳ್ಳಿ, ಅದೇ ಸಾಮಾನು. ದಾರ ಕತ್ತರಿಸಲು ಉಗುರು ಕತ್ತರಿ ಸಾಕು. ಪೋಲರಾಯ್ಡ್ ಕನ್ನಡಕ ಮತ್ತು ಟೋಪಿ ಮಾತ್ರ ಬಿಡಬೇಡಿ. ಬೀಸುವಾಗ ಗಾಳಿ ತಿರುಗಿದರೆ ಕೊಕ್ಕೆ ಬರುವುದು ನೇರ ಮುಖಕ್ಕೆ.

ಬಿಲ್ಲು, ಚೀಟಿ, ಪ್ಯಾಕಿಂಗ್ ಇಟ್ಟುಕೊಳ್ಳಿ. ಲೈನು ಬಿಚ್ಚಿದ ಮೇಲೆ ವಾಪಸ್ ತಗೊಳ್ಳುತ್ತಾರೆಯೇ ಎಂದು ದುಡ್ಡು ಕೊಡುವ ಮೊದಲೇ ಕೇಳಿ. ನಾಲ್ಕು ತುಂಡಿನ ರಾಡಿನ ಕೊಳವೆ ಮುಕ್ಕಾಲು ಮೀಟರಿನಷ್ಟೇ, ಬಸ್ಸಿನಲ್ಲಿ ತೊಡೆಯ ಮೇಲೆ ಹಿಡಿದೇ ತರಬಹುದು. ಬೀಸುವ ಅಭ್ಯಾಸವನ್ನು ಹುಲ್ಲಿನ ಮೇಲೆ ಮಾಡಿ, ಕೊಕ್ಕೆಯ ಬದಲು ಉಲ್ಲನ್ ತುಣುಕು ಕಟ್ಟಿ. ಮಾಳಿಗೆಯ ಸಿಮೆಂಟು ಲೈನಿನ ಲೇಪ ಕೆರೆದುಹಾಕುತ್ತದೆ.

ದಂಡೆಗೆ ಹೋದಾಗ ಮೊದಲು ಹಿಂದೆ ತಿರುಗಿ ನೋಡಿ. ಲೈನು ಮುಂದೆ ಹೋದಷ್ಟೇ ಹಿಂದೆಯೂ ಹೋಗುತ್ತದೆ, ಜಾಲಿ ಕಂಟಿಯಿದ್ದರೆ ಫ್ಲೈ ಅಲ್ಲೇ ಉಳಿಯಿತು. ಆಮೇಲೆ ತಲೆ ಎತ್ತಿ ನೋಡಿ: ನದಿ ದಂಡೆಯ ಪಂಪ್‌ಸೆಟ್ಟುಗಳಿಗೆ ಎಳೆದ ತಂತಿ ಎಷ್ಟೋ ಕಡೆ ಜೋತುಬಿದ್ದಿರುತ್ತದೆ, ಕಾರ್ಬನ್ ರಾಡಿನಲ್ಲಿ ಕರೆಂಟು ಹರಿಯುತ್ತದೆ. ಕೆರೆ, ಜಲಾಶಯಗಳಲ್ಲಿ ಮೀನು ಹಿಡಿಯುವ ಹಕ್ಕು ಗುತ್ತಿಗೆದಾರರ ಅಥವಾ ಮೀನುಗಾರರ ಸಂಘದ ಕೈಯಲ್ಲಿರಬಹುದು, ಅವರನ್ನು ಕೇಳಿಯೇ ರಾಡ್ ಬಿಚ್ಚಿ.