ಬೇರೆ ಡಿಗ್ರಿಯಿಂದ ಫಿಸಿಯೋಥೆರಪಿಗೆ: ನನ್ನ ಅನುಭವ

ನನ್ನ ಮೊದಲ ಡಿಗ್ರಿ ಮನಃಶಾಸ್ತ್ರದಲ್ಲಿ. ಫಿಸಿಯೋಥೆರಪಿಗೆ ಬಂದದ್ದು ಆಮೇಲೆ, ಸ್ನಾತಕೋತ್ತರ ಕೋರ್ಸ್ ಸೇರಿ. ಹೀಗೊಂದು ದಾರಿ ಇದೆ ಅನ್ನೋದೇ ತುಂಬ ಜನರಿಗೆ ಗೊತ್ತಿಲ್ಲ. ಗೊತ್ತಿರುವವರು ಮೊದಲು ಕೇಳುವುದು, "ಅಷ್ಟು ವರ್ಷದ ಓದನ್ನು ಎರಡೇ ವರ್ಷದಲ್ಲಿ ಹೇಗೆ ಮುಗಿಸಿದ್ರಿ?" ಅಂತ. ಅದಕ್ಕೆ ಉತ್ತರ ಸುಲಭ: ರಜೆ ಕಡಿಮೆ, ನಿದ್ದೆಯೂ ಕಡಿಮೆ. ಕಷ್ಟದ ಪ್ರಶ್ನೆ ಬೇರೆ ಇದೆ. ಪೇಷೆಂಟ್ ಗುಣವಾದಾಗ ಅದು ನನ್ನ ಚಿಕಿತ್ಸೆಯಿಂದಲೇ ಆಯಿತಾ, ಇಲ್ಲಾ ಸುಮ್ನೆ ಬಿಟ್ಟಿದ್ದರೂ ಆಗುತ್ತಿತ್ತಾ? ಓದಿನ ಉದ್ದಕ್ಕೂ ನನ್ನನ್ನು ಕಾಡಿದ್ದು ಇದು.

ಮೊದಲು ಕೋರ್ಸ್ ಬಗ್ಗೆ ಒಂದು ಮಾತು, ಏಕೆಂದರೆ ಇಲ್ಲಿ ಎಡವುವವರು ಜಾಸ್ತಿ. ಫಿಸಿಯೋಥೆರಪಿಯಲ್ಲಿ ಎರಡು ಬಗೆಯ ಸ್ನಾತಕೋತ್ತರ ಕೋರ್ಸ್‌ಗಳಿವೆ. ಒಂದು, ಈಗಾಗಲೇ ಫಿಸಿಯೋ ಆದವರು ಮೂಳೆ-ಕೀಲು, ನರ, ಹೃದಯ-ಶ್ವಾಸಕೋಶ, ಕ್ರೀಡೆ ಅಂತ ಒಂದು ವಿಭಾಗ ಹಿಡಿದು ಆಳಕ್ಕೆ ಹೋಗುವಂಥದ್ದು. ಭಾರತದ ಎಂಪಿಟಿ (ಫಿಸಿಯೋಥೆರಪಿಯ ಮಾಸ್ಟರ್ಸ್) ಈ ಬಗೆಯದು, ಬಿಪಿಟಿ, ಅಂದರೆ ಫಿಸಿಯೋಥೆರಪಿಯ ಮೊದಲ ಡಿಗ್ರಿ, ಇಲ್ಲದೆ ಅದಕ್ಕೆ ಸೇರಲು ಆಗುವುದಿಲ್ಲ. ಇನ್ನೊಂದು, ಬೇರೆ ವಿಷಯದಲ್ಲಿ ಡಿಗ್ರಿ ಮಾಡಿದವರನ್ನು ಹೊಸದಾಗಿ ಫಿಸಿಯೋ ಮಾಡುವಂಥದ್ದು. ಬ್ರಿಟನ್‌ನಲ್ಲಿ ಇದು ಸಾಮಾನ್ಯವಾಗಿ ಎರಡು ವರ್ಷದ ಮಾಸ್ಟರ್ಸ್. ಅಮೆರಿಕದಲ್ಲಿ ಸುಮಾರು ಮೂರು ವರ್ಷದ ಡಿಪಿಟಿ, ಅಂದರೆ ಡಾಕ್ಟರ್ ಆಫ್ ಫಿಸಿಕಲ್ ಥೆರಪಿ. ಎರಡೂ ಬಗೆಯ ಕೋರ್ಸ್‌ಗೆ ಹೆಚ್ಚುಕಡಿಮೆ ಒಂದೇ ಹೆಸರು ಇರುತ್ತದೆ. ಆದ್ದರಿಂದ ಅರ್ಜಿ ಹಾಕುವ ಮೊದಲು ಒಂದೇ ಒಂದು ವಿಷಯ ಬರಹದಲ್ಲಿ ಕೇಳಿ ತಿಳಿದುಕೊಳ್ಳಿ: ಈ ಕೋರ್ಸ್ ಮುಗಿಸಿದರೆ ನೀವು ಕೆಲಸ ಮಾಡಬೇಕೆಂದಿರುವ ದೇಶದಲ್ಲಿ ಫಿಸಿಯೋ ಅಂತ ನೋಂದಣಿ ಸಿಗುತ್ತದಾ? ಮಿಕ್ಕಿದ್ದೆಲ್ಲ ಆಮೇಲೆ.

ಸಂದರ್ಶನದಲ್ಲಿ ಕೇಳಿದ್ದು ನಿರೀಕ್ಷಿಸಿದಂಥದ್ದೇ. ಡಾಕ್ಟರ್ ಅಲ್ಲ, ನರ್ಸ್ ಅಲ್ಲ, ಫಿಸಿಯೋನೇ ಯಾಕೆ? ಆಟಗಾರರ ಜೊತೆ ಕೆಲಸ ಮಾಡಬೇಕು ಅಂತ ಉತ್ತರ ಕೊಡುವವರು ಬಹಳ. ತಪ್ಪೇನಿಲ್ಲ. ಆದರೆ ಫಿಸಿಯೋಗಳ ದೊಡ್ಡ ಪಾಲು ಕೆಲಸ ನಡೆಯುವುದು ಮೈದಾನದಲ್ಲಲ್ಲ. ಐಸಿಯುನಲ್ಲಿ, ಲಕ್ವ ಹೊಡೆದವರ ವಾರ್ಡ್‌ನಲ್ಲಿ, ಸೊಂಟದ ಮೂಳೆ ಮುರಿದ ವಯಸ್ಸಾದವರ ಹಾಸಿಗೆ ಪಕ್ಕದಲ್ಲಿ. ನಾನು ಅರ್ಜಿಗೆ ಮುಂಚೆ ಇಂಥ ವಾರ್ಡ್‌ಗಳಲ್ಲಿ ಫಿಸಿಯೋಗಳ ಹಿಂದೆ ಹಿಂದೆ ಓಡಾಡಿ ನೋಡಿದ್ದೆ. ಅದು ಅಂಕಪಟ್ಟಿಗಿಂತ ಜಾಸ್ತಿ ಕೆಲಸಕ್ಕೆ ಬಂತು.

ಮೊದಲ ತಿಂಗಳುಗಳು ಪೂರ್ತಿ ಅಂಗರಚನೆ. ಪ್ರತಿ ಸ್ನಾಯು ಎಲ್ಲಿ ಹುಟ್ಟುತ್ತದೆ, ಎಲ್ಲಿ ಅಂಟಿಕೊಳ್ಳುತ್ತದೆ, ಯಾವ ನರ, ಬೆನ್ನುಹುರಿಯ ಯಾವ ಮಟ್ಟ. ಪಟ್ಟಿ ಬಾಯಿಪಾಠ ಮಾಡಲು ಹೋದರೆ ವಾರದಲ್ಲಿ ಮರೆತುಹೋಗುತ್ತದೆ. ನನಗೆ ಕೆಲಸ ಮಾಡಿದ ಉಪಾಯ ಬೇರೆ: ಈ ಸ್ನಾಯು ಕೈಕೊಟ್ಟರೆ ಮನುಷ್ಯ ಹೇಗೆ ಕಾಣುತ್ತಾನೆ ಅಂತ ಯೋಚಿಸುವುದು. ಸೊಂಟದ ಪಕ್ಕದಲ್ಲಿರುವ ಗ್ಲೂಟಿಯಸ್ ಮೀಡಿಯಸ್ ಸ್ನಾಯು ಸೋತರೆ ಒಂಟಿ ಕಾಲ ಮೇಲೆ ನಿಂತಾಗ ಎದುರು ಬದಿಯ ಸೊಂಟ ಕೆಳಗೆ ಜಾರುತ್ತದೆ. ಮಂಡಿಯ ಹೊರಬದಿಯಲ್ಲಿ ಫಿಬುಲಾ ಮೂಳೆಯ ಕುತ್ತಿಗೆ ಸುತ್ತಿ ಹೋಗುವ ನರಕ್ಕೆ ಪೆಟ್ಟಾದರೆ ಪಾದ ಎತ್ತಲಾಗದೆ ಬೆರಳು ನೆಲಕ್ಕೆ ತಗುಲುತ್ತದೆ. ತೋಳಿನ ರೇಡಿಯಲ್ ನರ ಹೋದರೆ ಮಣಿಕಟ್ಟು ಜೋತುಬೀಳುತ್ತದೆ. ಹೀಗೆ ಓದಿದ್ದು ಇವತ್ತಿಗೂ ನೆನಪಿದೆ. ಕುತ್ತಿಗೆಯಿಂದ ತೋಳಿಗೆ ಹೋಗುವ ನರಗಳ ಜಾಲ ಬ್ರೇಕಿಯಲ್ ಪ್ಲೆಕ್ಸಸ್‌ಗೆ ಮಾತ್ರ ಬೇರೆ ದಾರಿಯಿಲ್ಲ, ಬೆನ್ನುಹುರಿಯ ಸಿ5 ಮಟ್ಟದಿಂದ ಟಿ1ರವರೆಗೆ ಖಾಲಿ ಹಾಳೆ ಮೇಲೆ ಮತ್ತೆ ಮತ್ತೆ ಬರೆಯಬೇಕು.

ಅದರ ಜೊತೆಗೆ ಮುಟ್ಟಿ ಕಲಿಯುವುದು. ಸಹಪಾಠಿಗಳೇ ಪರಸ್ಪರ ಪೇಷೆಂಟ್. ಚಡ್ಡಿ ಹಾಕಿಕೊಂಡು ಮಂಚದ ಮೇಲೆ ಮಲಗಿ, ಒಬ್ಬರ ಮೂಳೆ ಇನ್ನೊಬ್ಬರು ಹುಡುಕುವುದು. ಮೊದಮೊದಲು ಎಲ್ಲರಿಗೂ ಸಂಕೋಚ. ಬೇಗ ಹೋಗುತ್ತದೆ. ಆದರೆ ಆ ಸಂಕೋಚ ಪೇಷೆಂಟ್‌ಗೆ ಹೋಗಿರುವುದಿಲ್ಲ ಅಲ್ವಾ, ಅದನ್ನು ನೆನಪಿಟ್ಟುಕೊಳ್ಳಬೇಕು. ಮುಟ್ಟುವ ಮೊದಲು ಹೇಳು, ಕೇಳು, ಬೇಕಾದಷ್ಟೇ ಬಟ್ಟೆ ಸರಿಸು. ಪ್ರಾಯೋಗಿಕ ಪರೀಕ್ಷೆಯಲ್ಲಿ ಪರೀಕ್ಷಕರು ನೋಡುವುದೂ ಇದನ್ನೇ. ಗಾಲಿಕುರ್ಚಿಯ ಬ್ರೇಕ್ ಹಾಕದೆ ಪೇಷೆಂಟನ್ನು ಏಳಿಸಲು ಹೋದರೆ, ಮುಂದೆ ಎಷ್ಟು ಚೆನ್ನಾಗಿ ಮಾಡಿದರೂ ಪರೀಕ್ಷೆಯ ಆ ಭಾಗದಲ್ಲಿ ಪಾಸಾಗುವುದು ಕಷ್ಟ.

ಇನ್ನು ಅಳತೆ. ಫಿಸಿಯೋಥೆರಪಿ ಅಂದರೆ ಮಸಾಜು, ವ್ಯಾಯಾಮ ಅಂದುಕೊಂಡು ಬಂದವರಿಗೆ ಇಲ್ಲಿ ಆಶ್ಚರ್ಯ ಆಗುತ್ತದೆ. ಎಲ್ಲವನ್ನೂ ಅಳೆಯುತ್ತೇವೆ. ಕೀಲು ಎಷ್ಟು ಮಡಚುತ್ತದೆ ಅಂತ ಗೋನಿಯೋಮೀಟರ್ ಅನ್ನುವ ಕೋನಮಾಪಕದಲ್ಲಿ. ಸ್ನಾಯುವಿನ ಬಲ 0ಯಿಂದ 5ರವರೆಗೆ. ಇದರಲ್ಲಿ 3 ಅಂದರೆ ಗುರುತ್ವವನ್ನು ಮೀರಿ ಪೂರ್ತಿ ಎತ್ತಬಲ್ಲದು, ಆದರೆ ಕೈಯಿಂದ ಒತ್ತಿದರೆ ತಡೆಯುವುದಿಲ್ಲ. 4 ಅನ್ನುವುದು ಮಾತ್ರ ಸಿಕ್ಕಾಪಟ್ಟೆ ಅಗಲವಾದ ದರ್ಜೆ, ಸ್ವಲ್ಪ ತಡೆದರೂ 4, ಜೋರಾಗಿ ತಡೆದರೂ 4. ಕುರ್ಚಿಯಿಂದ ಎದ್ದು, 3 ಮೀಟರ್ ನಡೆದು, ತಿರುಗಿ ಬಂದು ಕೂರಲು ಎಷ್ಟು ಸೆಕೆಂಡು? ಅದೊಂದು ಪರೀಕ್ಷೆ. ಸಮತೋಲನ ಅಳೆಯುವ ಬರ್ಗ್ ಬ್ಯಾಲೆನ್ಸ್ ಸ್ಕೇಲ್‌ನಲ್ಲಿ 14 ಕೆಲಸ, ಒಟ್ಟು 56 ಅಂಕ. ಆರು ನಿಮಿಷದಲ್ಲಿ ಎಷ್ಟು ದೂರ ನಡೆಯುತ್ತಾರೆ ಅನ್ನುವ ಪರೀಕ್ಷೆಯಲ್ಲಿ ನಡುನಡುವೆ ಏನು ಹೇಳಿ ಹುರಿದುಂಬಿಸಬೇಕು ಅನ್ನುವುದೂ ನಿಗದಿಯಾಗಿದೆ. ನಾವು ಜಾಸ್ತಿ ಉತ್ಸಾಹ ತೋರಿಸಿದರೆ ಅವರು ಜಾಸ್ತಿ ನಡೆದುಬಿಡುತ್ತಾರೆ!

ಅಳತೆಗೆ ಅರ್ಥ ಬರುವುದು ಅದನ್ನು ಬದುಕಿಗೆ ಜೋಡಿಸಿದಾಗ. ಸಮತಟ್ಟು ನೆಲದಲ್ಲಿ ನಡೆಯಲು ಮಂಡಿ ಸುಮಾರು 60 ಡಿಗ್ರಿ ಮಡಚಿದರೆ ಸಾಕು. ಮೆಟ್ಟಿಲಿಗೆ 90ರ ಆಸುಪಾಸು ಬೇಕು. ಮಂಡಿ ಬದಲಿಸಿದ ಆಪರೇಷನ್ ಆದವರಿಗೆ 80 ಬಂದಿದೆ ಅಂದರೆ ಆಸ್ಪತ್ರೆ ಕಾರಿಡಾರಿನಲ್ಲಿ ಏನೂ ತೊಂದರೆ ಕಾಣುವುದಿಲ್ಲ. ಮನೆ ಮಹಡಿ ಮೇಲಿದ್ದರೆ ಮಾತ್ರ ಕಥೆ ಬೇರೆ.

ಆಸ್ಪತ್ರೆಯ ಕ್ಲಿನಿಕಲ್ ಪೋಸ್ಟಿಂಗ್‌ಗಳು ಶುರುವಾದ ಮೇಲೆ ಓದು ನಿಜವಾಗಿ ತಲೆಗೆ ಹತ್ತಿತು. ಉಸಿರಾಟದ ವಾರ್ಡ್‌ನಲ್ಲಿ ಕಫ ಮೇಲೆ ತರುವ ಉಸಿರಿನ ಚಕ್ರ ಕಲಿಸಿದೆವು: ಸ್ವಲ್ಪ ಹೊತ್ತು ಶಾಂತ ಉಸಿರು, ಆಮೇಲೆ ಎದೆ ತುಂಬ ಉಸಿರು, ಕೊನೆಗೆ ಬಾಯಿ ತೆರೆದು "ಹಾ" ಅಂತ ಜೋರಾಗಿ ಹೊರಹಾಕುವುದು. ಐಸಿಯುನಲ್ಲಿ ಒಬ್ಬರನ್ನು ಹಾಸಿಗೆಯ ಅಂಚಿಗೆ ಕೂರಿಸಲು ಮೂವರು ಬೇಕು, ಒಂದೊಂದು ಟ್ಯೂಬು, ವೈರಿಗೂ ಒಬ್ಬರ ಕಣ್ಣು ಇರಬೇಕು. ನರಗಳ ವಾರ್ಡ್‌ನಲ್ಲಿ ಮೊದಲ ದಿನವೇ ಕಲಿತದ್ದು: ಲಕ್ವ ಹೊಡೆದ ಬದಿಯ ಕೈ ಹಿಡಿದು ಯಾರನ್ನೂ ಎಳೆಯಬಾರದು. ಸ್ನಾಯುಗಳ ಹಿಡಿತ ಇಲ್ಲದ ಭುಜದ ಕೀಲು ಸುಲಭವಾಗಿ ಕೆಳಕ್ಕೆ ಜಾರುತ್ತದೆ. ಮನೆಯವರು ಪ್ರೀತಿಯಿಂದಲೇ ಆ ಕೈ ಹಿಡಿದು ಏಳಿಸುತ್ತಾರೆ. ಹಾಗಾಗಿ ಅವರಿಗೂ ಪಾಠ ಮಾಡುವುದು ನಮ್ಮ ಕೆಲಸ.

ಹೊರರೋಗಿ ವಿಭಾಗದಲ್ಲಿ ನನಗೆ ಸಿಕ್ಕ ಸೀನಿಯರ್ ಫಿಸಿಯೋ ಒಂದೇ ಪ್ರಶ್ನೆಯವರು. "ಯಾಕೆ?" ಪೇಷೆಂಟ್ ಒಳಗೆ ಬರುವ ಮೊದಲೇ ಕೇಳೋರು, "ಚೀಟಿ ನೋಡಿ ಏನಿರಬಹುದು ಅನ್ಸುತ್ತೆ? ಯಾಕೆ?" ಒಮ್ಮೆ ಸಕ್ಕರೆ ಕಾಯಿಲೆ ಇದ್ದ ಮಧ್ಯವಯಸ್ಸಿನ ಹೆಂಗಸೊಬ್ಬರು ಬಂದರು. ಭುಜ ನೋವು, ಕೂದಲು ಬಾಚಲು ಕೈ ಎತ್ತಲಾಗುತ್ತಿಲ್ಲ. ಭುಜದ ಕೀಲನ್ನು ಸುತ್ತಿ ಹಿಡಿದಿರುವ ರೊಟೇಟರ್ ಕಫ್ ಸ್ನಾಯುವಿನ ತೊಂದರೆ ಇರಬಹುದು, ಭುಜದ ಕೀಲೇ ಬಿಗಿದಿರಬಹುದು. ಬೇರ್ಪಡಿಸುವುದು ಹೇಗೆ? ಮೊಣಕೈಯನ್ನು ಪಕ್ಕೆಗೆ ಅಂಟಿಸಿ ಮುಂಗೈಯನ್ನು ಹೊರಕ್ಕೆ ತಿರುಗಿಸಿ ನೋಡಬೇಕು. ಮೊದಲು ಅವರೇ, ಆಮೇಲೆ ಅವರು ಕೈ ಸಡಿಲ ಬಿಟ್ಟಾಗ ನಾವು. ಬರೀ ಸ್ನಾಯುವಿನ ತೊಂದರೆಯಾದರೆ ಸಾಮಾನ್ಯವಾಗಿ ನಮ್ಮ ಕೈಯಲ್ಲಿ ಅದು ತಿರುಗುತ್ತದೆ. ಕೀಲೇ ಬಿಗಿದಿದ್ದರೆ ಯಾರು ತಿರುಗಿಸಿದರೂ ತಿರುಗುವುದಿಲ್ಲ. ಅವರದು ತಿರುಗಲಿಲ್ಲ. ಫ್ರೋಜನ್ ಶೋಲ್ಡರ್. ಸಕ್ಕರೆ ಕಾಯಿಲೆ ಇರುವವರಲ್ಲಿ ಇದು ಹೆಚ್ಚು.

ಸರಿ, ವ್ಯಾಯಾಮ ಕೊಟ್ಟೆವು. ನೋವು ಇಳಿಯಿತು. ಹೆಂಗಸು ತುಂಬ ಸಂತೋಷದಿಂದ ಧನ್ಯವಾದ ಹೇಳಿದರು. ಸೀನಿಯರ್ ಮಾತ್ರ ನನ್ನ ಕಡೆ ತಿರುಗಿ ಕೇಳಿದರು, "ಇದು ನಿನ್ನಿಂದ ಆಯ್ತಾ? ಯಾಕೆ ಹಾಗನ್ಸುತ್ತೆ?" ಫ್ರೋಜನ್ ಶೋಲ್ಡರ್ ಕಾಲ ಕಳೆದಂತೆ ಬಹಳ ಜನರಲ್ಲಿ ತಾನೇ ಸಡಿಲವಾಗುತ್ತಾ ಬರುತ್ತದೆ, ತಿಂಗಳುಗಟ್ಟಲೆ, ಕೆಲವೊಮ್ಮೆ ವರ್ಷಗಟ್ಟಲೆ ಹಿಡಿದರೂ. ಹೊಸ ಸೊಂಟನೋವು ಕೂಡ ಬಹುಪಾಲು ಕೆಲವೇ ವಾರಗಳಲ್ಲಿ ಇಳಿಯುತ್ತದೆ. ಅದಕ್ಕೂ ಮಿಗಿಲಾಗಿ, ಜನ ನಮ್ಮ ಹತ್ತಿರ ಬರುವುದೇ ನೋವು ತುಂಬಾ ಜೋರಾಗಿದ್ದಾಗ. ಜೋರಾಗಿದ್ದದ್ದು ಮುಂದಿನ ವಾರ ಸಾಮಾನ್ಯವಾಗಿ ಸ್ವಲ್ಪ ಇಳಿಯುತ್ತದೆ. ಆ ಹೊತ್ತಿಗೆ ಯಾರು ಪಕ್ಕದಲ್ಲಿದ್ದರೋ ಅವರಿಗೆ ಹೆಸರು.

ಸ್ನಾತಕೋತ್ತರ ಓದಿನ ಸಂಶೋಧನಾ ಭಾಗ ಇರುವುದು ಈ ಸಂಶಯವನ್ನು ಪಳಗಿಸಲು. ನನ್ನ ಜೊತೆ ಓದಿದ ಅನೇಕರಿಗೆ ಅದು ಬೇಸರದ ವಿಷಯ. ನನಗೆ ಮನಃಶಾಸ್ತ್ರದಿಂದ ಬಂದ ಅಂಕಿಅಂಶದ ಅಭ್ಯಾಸ ಇತ್ತು, ಹಾಗಾಗಿ ಇಷ್ಟವೇ ಆಯಿತು. ಪೆಡ್ರೋ ಅಂತ ಒಂದು ಉಚಿತ ಭಂಡಾರ ಇದೆ, 1999ರಲ್ಲಿ ಆಸ್ಟ್ರೇಲಿಯಾದಲ್ಲಿ ಶುರುವಾದದ್ದು, ಫಿಸಿಯೋಥೆರಪಿಯ ಪ್ರಯೋಗಗಳನ್ನೆಲ್ಲ ಅಲ್ಲಿ ಹುಡುಕಬಹುದು. ಪ್ರತಿ ಪ್ರಯೋಗಕ್ಕೂ 10ಕ್ಕೆ ಇಷ್ಟು ಅಂತ ಅಂಕ. ಒಂದು ತಮಾಷೆ ಅಂದರೆ, ವ್ಯಾಯಾಮದ ಪ್ರಯೋಗಗಳಿಗೆ 8ರ ಮೇಲೆ ಅಂಕ ಸಿಗುವುದು ಬಲು ಕಷ್ಟ. ಪೇಷೆಂಟ್‌ಗೂ ಚಿಕಿತ್ಸಕರಿಗೂ ಯಾವ ಚಿಕಿತ್ಸೆ ನಡೆಯುತ್ತಿದೆ ಅಂತ ಗೊತ್ತಿರಬಾರದು ಅನ್ನುವುದಕ್ಕೆ ಎರಡು ಅಂಕ ಇದೆ. ಮಾತ್ರೆಯಲ್ಲಾದರೆ ಸಕ್ಕರೆ ಗುಳಿಗೆ ಕೊಟ್ಟು ಮರೆಮಾಚಬಹುದು. ಕುಕ್ಕರುಗಾಲಲ್ಲಿ ಕೂತು ಏಳಿಸುವುದನ್ನು ಯಾರಿಂದ ಮರೆಮಾಚುವುದು?

ಮೆಷಿನ್‌ಗಳಲ್ಲಿ ಇದು ಸಾಧ್ಯ. ಅಲ್ಟ್ರಾಸೌಂಡ್ ಚಿಕಿತ್ಸೆಯ (ಸ್ಕ್ಯಾನ್ ಅಲ್ಲ, ನೋವಿರುವ ಜಾಗಕ್ಕೆ ಶಬ್ದದ ಅಲೆ ಹಾಯಿಸುವುದು) ಪ್ರಯೋಗಗಳಲ್ಲಿ ಒಂದು ಗುಂಪಿಗೆ ಯಂತ್ರ ಆನ್ ಮಾಡದೆಯೇ ಜೆಲ್ ಹಚ್ಚಿ ಸವರುತ್ತಾರೆ. ಸೊಂಟನೋವಿನಲ್ಲಿ ಆನ್ ಮಾಡಿದ್ದಕ್ಕೂ ಮಾಡದ್ದಕ್ಕೂ ಹೇಳಿಕೊಳ್ಳುವಂಥ ವ್ಯತ್ಯಾಸ ಕಂಡಿಲ್ಲ. ಇದನ್ನು ಓದಿದ ಮೇಲೆ ಆ ಯಂತ್ರದ ಮೇಲಿನ ನನ್ನ ಭಕ್ತಿ ಹೋಯಿತು. ಪೇಷೆಂಟ್‌ಗಳಿಗೆ ಹೋಗಿಲ್ಲ, ಈಗಲೂ "ಕರೆಂಟು ಕೊಡಲ್ವಾ?" ಅಂತ ಕೇಳುತ್ತಾರೆ.

ಒಂದು ವಿಷಯದಲ್ಲಿ ಮಾತ್ರ ಕಾದು ನೋಡುವ ಮಾತೇ ಇಲ್ಲ. ಸೊಂಟನೋವಿನವರಿಗೆ ಮೂತ್ರ ಕಟ್ಟಿದೆಯಾ, ಆಸನದ ಭಾಗ ಮರಗಟ್ಟಿದೆಯಾ ಅಂತ ಕೇಳಲೇಬೇಕು. ಕೇಳಲು ಮುಜುಗರ, ಆದರೂ ಕೇಳಬೇಕು. ಹೌದು ಅಂದರೆ ಬೆನ್ನುಹುರಿಯ ಕೆಳತುದಿಯ ನರಗಳ ಗೊಂಚಲು ಒತ್ತಿಹೋಗಿರಬಹುದು. ಆಗ ವ್ಯಾಯಾಮ ಅಲ್ಲ, ತಕ್ಷಣ ತುರ್ತು ವಿಭಾಗ. ಕಾಲು ಉಳುಕಿ ಬಂದವರು ನಾಲ್ಕು ಹೆಜ್ಜೆ ಇಡಲಾಗದಿದ್ದರೆ, ಕಣಕಾಲಿನ ಗಂಟಿನ ಹಿಂಬದಿ ಮೂಳೆ ಒತ್ತಿದಾಗ ನೋವಿದ್ದರೆ ಮೊದಲು ಎಕ್ಸ್‌ರೇ. ಯಾರನ್ನು ನಾವು ನೋಡಬಾರದು ಅಂತ ತಿಳಿಯುವುದಕ್ಕೆ ಪೋಸ್ಟಿಂಗ್‌ಗಳಲ್ಲಿ ಕೊಟ್ಟ ಸಮಯ ಕಡಿಮೆಯೇ ಅನಿಸುತ್ತದೆ ನನಗೆ.

ಮನಃಶಾಸ್ತ್ರ ನಿಜವಾಗಿ ಸಹಾಯಕ್ಕೆ ಬಂದದ್ದು ಮನೆವ್ಯಾಯಾಮದ ವಿಷಯದಲ್ಲಿ. ಎಂಟು ಹತ್ತು ಚಿತ್ರಗಳ ಹಾಳೆ ಕೊಟ್ಟರೆ ಅದು ಫೈಲಿಗೆ ಹೋಗುತ್ತದೆ. ನಾನು ಎರಡು ಕೊಡುತ್ತೇನೆ, ಹೆಚ್ಚೆಂದರೆ ಮೂರು. ಯಾವಾಗ ಮಾಡ್ತೀರಿ ಅಂತ ಅವರ ಬಾಯಿಂದಲೇ ಹೇಳಿಸುತ್ತೇನೆ. "ದಿನಾ ಮಾಡ್ತೀನಿ" ಅನ್ನುವುದು ಉತ್ತರವಲ್ಲ, "ಹಲ್ಲುಜ್ಜಿದ ಮೇಲೆ" ಅನ್ನುವುದು ಉತ್ತರ. ಮುಂದಿನ ಸಲ ಬಂದಾಗ "ಮಾಡಿದ್ರಾ?" ಅಂತ ಕೇಳಿದರೆ ಎಲ್ಲರೂ ಹೌದು ಅನ್ನುತ್ತಾರೆ. "ಯಾವುದು ಕಷ್ಟ ಆಯ್ತು, ಮಾಡಿ ತೋರಿಸಿ" ಅಂದರೆ ಸತ್ಯ ಹೊರಬರುತ್ತದೆ.

ಓದುತ್ತಿರುವವರಿಗೆ ಇನ್ನೊಂದು ಮಾತು, ನಿಮ್ಮ ಬೆನ್ನಿನ ಬಗ್ಗೆ. ಮಂಚದ ಎತ್ತರ ಸರಿಪಡಿಸಿಕೊಳ್ಳದೆ ಬಗ್ಗಿ ಬಗ್ಗಿ ಕೆಲಸ ಮಾಡಬೇಡಿ. ಅದಕ್ಕೆ ಹಿಡಿಯುವುದು ಕೆಲವೇ ಸೆಕೆಂಡು.

ನೋಂದಣಿ ಆದ ಮೇಲೆ ಮೊದಲ ಕೆಲಸದಲ್ಲಿ ನನ್ನನ್ನು ಕೆಲವು ತಿಂಗಳಿಗೊಮ್ಮೆ ಬೇರೆ ಬೇರೆ ವಿಭಾಗಕ್ಕೆ ಹಾಕಿದರು. ಸೀನಿಯರ್ ಪಕ್ಕದಲ್ಲಿರಲಿಲ್ಲ, "ಇದು ನಿನ್ನಿಂದ ಆಯ್ತಾ?" ಅನ್ನುವ ಅವರ ಪ್ರಶ್ನೆ ಇತ್ತು. ಅದಕ್ಕೆ ಪೂರ್ತಿ ಉತ್ತರ ಒಬ್ಬ ಪೇಷೆಂಟ್‌ನಿಂದ ಸಿಗುವುದಿಲ್ಲ, ಅದಕ್ಕೆ ದೊಡ್ಡ ಪ್ರಯೋಗಗಳೇ ಬೇಕು. ಆದರೆ ಉಪಯೋಗ ಇಲ್ಲದ್ದನ್ನು ಎಳೆಯದೆ ಇರುವುದು ನನ್ನ ಕೈಲಿದೆ. ಅದಕ್ಕೇ ಮೊದಲ ದಿನವೇ ಪೇಷೆಂಟ್ ಜೊತೆ ಕೂತು ಒಂದು ಅಳತೆ ಆರಿಸುತ್ತೇನೆ, ಅವರಿಗೆ ಮುಖ್ಯವಾದದ್ದು: ಎಷ್ಟು ಮೆಟ್ಟಿಲು, ಎಷ್ಟು ಹೊತ್ತು ನಿಲ್ಲುವುದು, ಕೈ ಎಷ್ಟು ಎತ್ತರಕ್ಕೆ. ಯಾವಾಗ ಮತ್ತೆ ಅಳೆಯುತ್ತೇವೆ ಅಂತಲೂ ಬರೆದಿಡುತ್ತೇನೆ. ಆ ದಿನಕ್ಕೆ ಅದು ಕದಲದಿದ್ದರೆ ಯೋಜನೆ ಬದಲಿಸುತ್ತೇನೆ. ಬದಲಿಸಿದ ಮೇಲೂ ಕದಲದಿದ್ದರೆ ಇನ್ನಷ್ಟು ಸಲ ಬನ್ನಿ ಅನ್ನುವುದಿಲ್ಲ, ಏನು ನೋಡಿದೆ, ಏನು ಮಾಡಿದೆ ಅಂತ ವಿವರವಾಗಿ ಬರೆದು ಅವರ ವೈದ್ಯರಿಗೆ ಕಳಿಸುತ್ತೇನೆ.