ಗುತ್ತಿಗೆ ಪತ್ರದ ನೋಂದಣಿ ಯಾವಾಗ ಕಡ್ಡಾಯ?

ಮನೆ, ಮಳಿಗೆ ಅಥವಾ ನಿವೇಶನದ ಗುತ್ತಿಗೆ ಪತ್ರಕ್ಕೆ ಸಹಿ ಹಾಕುವ ಮೊದಲು ಅದರಲ್ಲಿ ಬರೆದಿರುವ ಅವಧಿ ಎಷ್ಟು, ಬಾಡಿಗೆಯನ್ನು ತಿಂಗಳ ಲೆಕ್ಕದಲ್ಲಿ ಗೊತ್ತುಪಡಿಸಿದೆಯೋ ವರ್ಷದ ಲೆಕ್ಕದಲ್ಲೋ ಎಂಬುದನ್ನು ನೋಡಿಕೊಳ್ಳಬೇಕು. ಭಾರತದ 1908ರ ನೋಂದಣಿ ಕಾಯ್ದೆಯ 17ನೇ ಕಲಂ ಮತ್ತು 1882ರ ಸ್ವತ್ತು ವರ್ಗಾವಣೆ ಕಾಯ್ದೆಯ 107ನೇ ಕಲಂ ಪ್ರಕಾರ, ವರ್ಷದಿಂದ ವರ್ಷಕ್ಕೆ ಮುಂದುವರಿಯುವ, ಒಂದು ವರ್ಷವನ್ನು ಮೀರುವ ಅಥವಾ ವಾರ್ಷಿಕ ಬಾಡಿಗೆಯನ್ನು ನಿಗದಿಪಡಿಸುವ ಸ್ಥಿರಾಸ್ತಿ ಗುತ್ತಿಗೆಯನ್ನು ನೋಂದಾಯಿಸಲೇಬೇಕು. ಈ ಮೂರರಲ್ಲಿ ಒಂದು ಅನ್ವಯಿಸಿದರೂ ಸಾಕು.

ಹನ್ನೊಂದು ತಿಂಗಳ ಕರಾರು ಬಳಕೆಗೆ ಬಂದಿರುವುದು ಇದೇ ಕಾರಣಕ್ಕೆ. ಕಾಯ್ದೆ ಹೇಳುವುದು ಒಂದು ವರ್ಷವನ್ನು ‘ಮೀರಿದ’ ಅವಧಿಯ ಬಗ್ಗೆ. ಆದ್ದರಿಂದ ಮಾಸಿಕ ಬಾಡಿಗೆಯ ಸರಿಯಾಗಿ ಹನ್ನೆರಡು ತಿಂಗಳ ಗುತ್ತಿಗೆಯೂ ಈ ಕಲಮಿನೊಳಗೆ ಬರುವುದಿಲ್ಲ. ಆದರೆ ಮಹಾರಾಷ್ಟ್ರದಲ್ಲಿ ಈ ಲೆಕ್ಕ ನಡೆಯದು: ಅಲ್ಲಿನ 1999ರ ಬಾಡಿಗೆ ನಿಯಂತ್ರಣ ಕಾಯ್ದೆಯ 55ನೇ ಕಲಂ ಬಾಡಿಗೆ ಕರಾರು ಲಿಖಿತವಾಗಿರಬೇಕು, ನೋಂದಣಿಯಾಗಿರಬೇಕು ಎನ್ನುತ್ತದೆ ಮತ್ತು ಆ ಹೊಣೆಯನ್ನು ಮಾಲೀಕರ ಮೇಲೆ ಹೊರಿಸುತ್ತದೆ.

ನೋಂದಣಿ ಬೇಕಾದ ಪತ್ರಕ್ಕೆ ರಾಜ್ಯದ ದರದಂತೆ ಮುದ್ರಾಂಕ ಶುಲ್ಕ ಕಟ್ಟಿ, ಮಾಲೀಕರು ಮತ್ತು ಬಾಡಿಗೆದಾರರು ಇಬ್ಬರೂ ಸಹಿ ಮಾಡಿ, ಸ್ವತ್ತು ಇರುವ ವ್ಯಾಪ್ತಿಯ ಉಪನೋಂದಣಾಧಿಕಾರಿ ಕಚೇರಿಗೆ ನಾಲ್ಕು ತಿಂಗಳೊಳಗೆ ಹಾಜರುಪಡಿಸಬೇಕು. ತಪ್ಪಿಸಲಾಗದ ಕಾರಣದಿಂದ ತಡವಾದರೆ ಇನ್ನೂ ನಾಲ್ಕು ತಿಂಗಳ ಅವಕಾಶವಿದೆಯಾದರೂ ನೋಂದಣಿ ಶುಲ್ಕದ ಹತ್ತು ಪಟ್ಟಿನವರೆಗೆ ದಂಡ ಬೀಳಬಹುದು. ನೋಟರಿಯ ಮೊಹರು ನೋಂದಣಿಯಲ್ಲ. ಎಷ್ಟೋ ಜನ ಮೋಸಹೋಗುವುದು ಇಲ್ಲಿಯೇ.

ನೋಂದಣಿಯಾಗದ ಪತ್ರವನ್ನು ಗುತ್ತಿಗೆಯ ಷರತ್ತುಗಳಿಗೆ ಸಾಕ್ಷ್ಯವಾಗಿ ನ್ಯಾಯಾಲಯ ಸ್ವೀಕರಿಸುವುದಿಲ್ಲ. ಸ್ವಾಧೀನ ಯಾವ ಬಗೆಯದು ಎಂಬಂಥ ಪೂರಕ ವಿಷಯಕ್ಕೆ ಮಾತ್ರ ನೋಂದಣಿ ಕಾಯ್ದೆಯ 49ನೇ ಕಲಂ ಅದನ್ನು ನೋಡಲು ಬಿಡುತ್ತದೆ. ಹಾಗೆಂದು ಬಾಡಿಗೆದಾರರು ಅತಿಕ್ರಮಣಕಾರರಾಗುವುದಿಲ್ಲ. ನೋಂದಣಿಯಾಗದ ಐದು ವರ್ಷದ ಗುತ್ತಿಗೆಯೊಂದರ ವಿವಾದದಲ್ಲಿ ಸುಪ್ರೀಂ ಕೋರ್ಟ್ 2000ರಲ್ಲಿ, ಸ್ವಾಧೀನ ಪಡೆದು ಬಾಡಿಗೆ ಕೊಡುತ್ತ ಬಂದಿರುವುದರಿಂದ ಬಾಡಿಗೆ ಸಂಬಂಧ ಉಳಿಯುತ್ತದೆ ಎಂದು ತೀರ್ಪಿತ್ತಿತು. ಆದರೆ ಪತ್ರದಲ್ಲಿ ಬರೆದುಕೊಂಡ ಐದು ವರ್ಷಗಳ ಭದ್ರತೆ ಅದರಿಂದ ಸಿಗುವುದಿಲ್ಲ. ವಾಸದ ಮನೆ ಅಥವಾ ಅಂಗಡಿಯಾದರೆ ಅದು ತಿಂಗಳಿಂದ ತಿಂಗಳಿಗೆ ನಡೆಯುವ ಬಾಡಿಗೆಯಾಗುತ್ತದೆ. ಬಾಡಿಗೆ ನಿಯಂತ್ರಣ ಕಾಯ್ದೆಯ ರಕ್ಷಣೆ ಇಲ್ಲದ ಕಡೆ ಹದಿನೈದು ದಿನಗಳ ನೋಟಿಸ್ ಕೊಟ್ಟು ಅದನ್ನು ಕೊನೆಗೊಳಿಸಬಹುದು.